"ಎಲ್ಲಿ ಬಿಟ್ಟೆ?" ಎಂದು ಕೇಳುವ ಮೊದಲು

ಹೊಸದಾಗಿ ಸಂಸಾರ ಹೂಡಿದ ಮಕ್ಕಳೇ, ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವಳಾಗಿ ನಿಮಗೊಂದು ಮಾತು ಹೇಳಬೇಕು. ಹೆಂಡತಿಯ ಎಟಿಎಂ ಕಾರ್ಡ್ ಕಳೆದರೆ ಗಂಡನ ಬಾಯಿಂದ ಮೊದಲು ಬರುವುದು "ಎಲ್ಲಿ ಬಿಟ್ಟೆ?" ಎಂಬ ಪ್ರಶ್ನೆ. ಆ ಪ್ರಶ್ನೆಗೆ ಹೆದರಿಯೇ ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆ ಕಳೆದ ಕಾರ್ಡನ್ನು ಸಂಜೆಯವರೆಗೂ ಬೀರುವಿನಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ, ತರಕಾರಿ ಚೀಲದ ಅಡಿಯಲ್ಲಿ ತಡಕಾಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಗಂಡಸರೂ ಕಡಿಮೆಯೇನಿಲ್ಲ, ಮರ್ಯಾದೆ ಹೋದೀತೆಂದು ಮುಚ್ಚಿಡುತ್ತಾರೆ. ನಿಮ್ಮ ಮನೆಯಲ್ಲಿ ಮೊದಲ ಪ್ರಶ್ನೆ "ಬ್ಲಾಕ್ ಮಾಡಿಸಿದೆಯಾ?" ಎಂದಿರಲಿ. ಉಳಿದದ್ದು ಆಮೇಲೆ.

ಗಂಟೆಗಳ ಲೆಕ್ಕ ಇಲ್ಲಿ ದೊಡ್ಡದು. 2021ರ ಜನವರಿಯಿಂದ 5,000 ರೂಪಾಯಿವರೆಗಿನ ಖರೀದಿಗೆ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಸಾಕು, ಪಿನ್ ಬೇಕಿಲ್ಲ. ಕೆಲವು ವಿದೇಶಿ ಜಾಲತಾಣಗಳಲ್ಲಂತೂ ಒಟಿಪಿಯೂ ಇಲ್ಲದೆ ಹಣ ಹೋಗುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಇದನ್ನು ನೇರವಾಗಿ ಹೇಳಿತು: ಗ್ರಾಹಕರ ಅಜಾಗರೂಕತೆಯಿಂದ ನಷ್ಟವಾದರೆ ಬ್ಯಾಂಕಿಗೆ ತಿಳಿಸುವ ತನಕದ್ದು ಗ್ರಾಹಕರದು, ತಿಳಿಸಿದ ನಂತರದ್ದು ಬ್ಯಾಂಕಿನದು. ಅದಕ್ಕೇ ಫೋನ್ ಮಾಡಿದಾಗ ದೂರಿನ ಸಂಖ್ಯೆ ಕೇಳಿ, ಹೊತ್ತಿನ ಸಮೇತ ಬರೆದಿಟ್ಟುಕೊಳ್ಳಿ. ಮನೆಯಲ್ಲೇ ಎಲ್ಲೋ ಇದ್ದೀತು ಅನ್ನಿಸಿದರೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡನ್ನು ಆಫ್ ಮಾಡಿ, ಆಮೇಲೆ ಹುಡುಕಿ. ಅಷ್ಟರಲ್ಲೇ ಹಣ ಹೋಗಿದ್ದರೆ ಬ್ಯಾಂಕಿನ ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ಕರೆಯನ್ನು ಯಾರ ಹೆಸರಿನ ಕಾರ್ಡೋ ಅವರೇ ಮಾಡಬೇಕು. ಹೆಂಡತಿಯ ಜನ್ಮದಿನ, ಖಾತೆ ಸಂಖ್ಯೆ ಎಲ್ಲವೂ ಗಂಡನಿಗೆ ಬಾಯಿಪಾಠವಿರಬಹುದು, ಆದರೂ ಬ್ಯಾಂಕು ಮಾತಾಡಲು ಬಯಸುವುದು ಖಾತೆದಾರರ ಜೊತೆ. ನೀವು ಪಕ್ಕದಲ್ಲಿ ಕೂತು ಪಾಸ್‌ಬುಕ್ ತೆಗೆದುಕೊಡಿ, ಧೈರ್ಯ ಹೇಳಿ. ಸಹಾಯವಾಣಿಯ ಸಂಖ್ಯೆ ಅಚ್ಚಾಗಿರುವುದು ಕಳೆದುಹೋದ ಕಾರ್ಡಿನ ಹಿಂಬದಿಯಲ್ಲೇ! ಗಾಬರಿಯಲ್ಲಿ ಗೂಗಲ್‌ನಲ್ಲಿ ಹುಡುಕಿ, ಅಲ್ಲಿ ಸಿಕ್ಕ ನಕಲಿ ನಂಬರಿಗೆ ಕರೆ ಮಾಡಿ ಇನ್ನಷ್ಟು ಕಳೆದುಕೊಂಡವರಿದ್ದಾರೆ. ಇಬ್ಬರ ಬ್ಯಾಂಕುಗಳ ನಂಬರೂ ಇಬ್ಬರ ಫೋನಿನಲ್ಲೂ ಇಂದೇ ಇರಲಿ.

ಫೋನಿನ ಕವರಿನೊಳಗೆ ಕಾರ್ಡ್ ಸಿಕ್ಕಿಸಿಕೊಂಡು ಓಡಾಡುವುದನ್ನು ದಯವಿಟ್ಟು ಬಿಡಿ. ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು, ಫೋನಿಗೆ ಬರುವ ಒಟಿಪಿ, ಇವಿಷ್ಟಿದ್ದರೆ ಹೊಸ ಯುಪಿಐ ಪಿನ್ ಮಾಡಿಕೊಳ್ಳಬಹುದು. ಎರಡೂ ಒಟ್ಟಿಗೆ ಕಳೆದರೆ ಕಾರ್ಡ್ ಬ್ಲಾಕ್ ಮಾಡಿಸಿ ಸುಮ್ಮನಾಗಬೇಡಿ. ಸಿಮ್ಮನ್ನೂ ನಿಲ್ಲಿಸಿ, ಯುಪಿಐ ತಡೆಹಿಡಿಯಲು ಬ್ಯಾಂಕಿಗೆ ಹೇಳಿ.

ಇನ್ನು ಪಿನ್ ವಿಷಯ. ಗಂಡ ಹೆಂಡಿರ ನಡುವೆ ಗುಟ್ಟೇನು ಎನ್ನುತ್ತೀರಿ, ಗೊತ್ತು. 2013ರಲ್ಲಿ ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಹೆರಿಗೆ ರಜೆಯ ಮೇಲಿದ್ದ ಮಹಿಳೆಯೊಬ್ಬರು ಕಾರ್ಡನ್ನು ಗಂಡನಿಗೆ ಕೊಟ್ಟು, ಪಿನ್ ಹೇಳಿ, 25,000 ರೂಪಾಯಿ ತರಲು ಕಳಿಸಿದರು. ಯಂತ್ರದಿಂದ ಚೀಟಿ ಬಂತು, ನೋಟು ಬರಲಿಲ್ಲ. ಕಾರ್ಡು ಇನ್ನೊಬ್ಬರ ಕೈಗೆ ಹೋಗಿದೆ, ಪಿನ್ ಹಂಚಿಕೆಯಾಗಿದೆ ಎಂದು ಬ್ಯಾಂಕು ಕೈಚೆಲ್ಲಿತು. ಗ್ರಾಹಕರ ವೇದಿಕೆಯೂ 2018ರಲ್ಲಿ ಬ್ಯಾಂಕಿನ ವಾದವನ್ನೇ ಒಪ್ಪಿತು. ಸೆಲ್ಫ್ ಚೆಕ್ಕನ್ನೋ ಅಧಿಕಾರಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು ಎಂದಿತು. ಎಳೆಕೂಸಿನ ತಾಯಿಗೆ ಇದು ಕಠಿಣವಾಯಿತೆಂದೇ ನನ್ನ ಭಾವನೆ. ಆದರೆ ನಿಯಮ ನಿಯಮವೇ. ಸಂಗಾತಿಯ ಕಾರ್ಡ್ ನಿಮ್ಮ ಜೇಬಿನಿಂದ ಬಿದ್ದುಹೋದರೂ ಇಂಥದೇ ಪ್ರಶ್ನೆ ಏಳುತ್ತದೆ. ಮನೆಖರ್ಚಿಗೆ ಜಂಟಿ ಖಾತೆ ತೆರೆಯಿರಿ, ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಕೇಳಿ ಪಡೆಯಿರಿ.

ಸಂಗಾತಿಗೆ ಹೊಸ ಕಾರ್ಡ್ ಬಂದಾಗ ಅವರೇ ಪಿನ್ ಹಾಕಿಕೊಳ್ಳಲಿ, ನೀವು ಮುಖ ತಿರುಗಿಸಿ ನಿಲ್ಲಿ. ಹಳೆಯ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುತ್ತಿದ್ದ ವಿಮೆಯ ಕಂತು, ಫೋನಿನ ಬಿಲ್ಲಿಗೆ ಹೊಸ ಸಂಖ್ಯೆ ಕೊಡಿ. ಇಲ್ಲವಾದರೆ ಪಾಲಿಸಿಯ ಕಂತು ಸದ್ದಿಲ್ಲದೆ ತಪ್ಪುತ್ತದೆ. ಕಳೆದ ಕಾರ್ಡ್ ಮುಂದೊಂದು ದಿನ ಯಾವುದೋ ಕೋಟಿನ ಜೇಬಿನಲ್ಲಿ ಸಿಕ್ಕರೆ ಚಿಪ್ಪಿನ ಮೇಲೇ ಕತ್ತರಿ ಆಡಿಸಿ ಎಸೆಯಿರಿ.