ಕಾಣುವಾಗಲೇ ಕಣ್ಣು ತೋರಿಸಿ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಸುತ್ತಿನ ಹಳ್ಳಿಗಳಲ್ಲಿ ನೇತ್ರಾಧಿಕಾರಿಯಾಗಿ ಸಕ್ಕರೆ ಕಾಯಿಲೆಯವರ ಕಣ್ಣು ನೋಡುತ್ತ ಬಂದವನು ನಾನು. ಈ ಕಾಯಿಲೆಯಲ್ಲಿ ವೈದ್ಯರ ಪಾಲು ವರ್ಷಕ್ಕೆ ಕೆಲವೇ ಗಂಟೆ. ಉಳಿದದ್ದೆಲ್ಲ ಮನೆಯಲ್ಲೇ ನಡೆಯಬೇಕು. ಏನು ಮಾಡಿದರೆ ಕಣ್ಣು ಉಳಿಯುತ್ತದೆ ಎಂದು ಕಂಡುಕೊಂಡದ್ದು ಇಲ್ಲಿದೆ.

1. "ಕಾಣ್ತಾ ಇದೆಯಲ್ಲ ಡಾಕ್ಟ್ರೇ, ಮತ್ತೆಂತಕ್ಕೆ ತೋರಿಸೋದು?" ನಾನು ಅತಿ ಹೆಚ್ಚು ಕೇಳಿರುವ ಮಾತು ಇದು, ಅತಿ ಹೆಚ್ಚು ಹೆದರುವ ಮಾತೂ ಇದೇ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಸಣ್ಣ ರಕ್ತನಾಳಗಳು ಊದಿ, ಸೋರಿ, ರಕ್ತ ಜಿನುಗುವಾಗ ನೋವಿಲ್ಲ, ಕೆಂಪಾಗುವುದೂ ಇಲ್ಲ. ಚಾರ್ಟಿನ ಕೊನೆಯ ಸಾಲನ್ನು ಸರಾಗವಾಗಿ ಓದಿದವರ ರೆಟಿನಾದಲ್ಲೂ ರಕ್ತದ ಚುಕ್ಕೆ ಇರಬಹುದು. ಹೆಚ್ಚಾಗಿ ದೊಡ್ಡವರಲ್ಲಿ ಬರುವ ಟೈಪ್ 2 ಸಕ್ಕರೆ ಕಾಯಿಲೆ ಪತ್ತೆಯಾದ ಕೂಡಲೇ ಕಣ್ಣಿಗೆ ಔಷಧಿ ಹಾಕಿ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಬೇಕು. ಆಮೇಲೆ ವರ್ಷಕ್ಕೊಮ್ಮೆ, ರೆಟಿನಾ ಕೆಟ್ಟಿದ್ದರೆ ವೈದ್ಯರು ಹೇಳಿದಷ್ಟು ಸಲ. ಸಕ್ಕರೆ ಕಾಯಿಲೆಯಿರುವ ಹೆಣ್ಣುಮಗಳು ಬಸುರಾದರೆ ಮೊದಲ ತಿಂಗಳುಗಳಲ್ಲೇ ತೋರಿಸಬೇಕು.

2. "ಬಿಡುವಾದಾಗ ಬರ್ತೀನಿ" ಎಂದವರು ಬರುವುದಿಲ್ಲ. ನಾಟಿ, ಶುಂಠಿ, ಅಡಿಕೆ ಎಂದು ಒಂದರ ಹಿಂದೊಂದು ಕೆಲಸವಿರುವ ಊರು ನಮ್ಮದು. ಹಾಗಾಗಿ ನಾನು ತಾರೀಖು ಹೇಳುವುದಿಲ್ಲ; "ನಾಟಿ ಮುಗಿದ ಮೇಲೆ, ಭೂಮಿ ಹುಣ್ಣಿಮೆಗೆ ಮುಂಚೆ" ಎನ್ನುತ್ತೇನೆ. ಅದು ಮರೆಯುವುದಿಲ್ಲ. ಕಣ್ಣಿಗೆ ಔಷಧಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗುವುದರಿಂದ ಬೈಕ್ ಬೇಡ, ಮನೆಯವರೊಬ್ಬರ ಜೊತೆ ಬಸ್ಸಿನಲ್ಲಿ ಬನ್ನಿ. ವೈದ್ಯರ ಮಾತು ಇನ್ನೊಂದು ಕಿವಿಗೂ ಬೀಳುತ್ತದೆ.

3. ಪರೀಕ್ಷೆಗೆ ಎರಡು ದಿನ ಮುಂಚೆ ಅನ್ನ ಬಿಟ್ಟು ಶುಗರ್ ಇಳಿಸಿಕೊಂಡು ಬರುವವರಿದ್ದಾರೆ. ಆದರೆ ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುತ್ತದೆ. ಹೆಚ್ಚಿನವರಿಗೆ ಅದು ಶೇ 7ರ ಆಸುಪಾಸಿನಲ್ಲಿರಬೇಕು, ವಯಸ್ಸಾದವರಿಗೆ ವೈದ್ಯರು ಸ್ವಲ್ಪ ಸಡಿಲಿಸಬಹುದು. ಬಿಪಿಯನ್ನಂತೂ ಯಾರೂ ಕಣ್ಣಿನ ವಿಷಯವೆಂದು ಎಣಿಸುವುದೇ ಇಲ್ಲ. ಬ್ರಿಟನ್ನಿನಲ್ಲಿ 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ರೆಟಿನಾ ಮತ್ತಷ್ಟು ಕೆಡುವ ಅಪಾಯ ಶೇ 34ರಷ್ಟು ಕಡಿಮೆಯಾಗಿತ್ತು. ಬಿಪಿ ಮಾತ್ರೆ ತಪ್ಪಿಸಬೇಡಿ.

4. ಜೋನಿ ಬೆಲ್ಲವೂ ಸಕ್ಕರೆಯೇ.

5. ಮಸುಕಾದದ್ದೆಲ್ಲ ಪೊರೆಯಲ್ಲ. ಪೊರೆ ತೆಗೆಸಿದರೂ ಕೆಟ್ಟ ರೆಟಿನಾ ಸರಿಹೋಗುವುದಿಲ್ಲ. ಕೆಲವರಲ್ಲಿ ಆಪರೇಷನ್ ಆದ ಮೇಲೆ ರೆಟಿನಾದ ಊತ ಹೆಚ್ಚುವುದೂ ಉಂಟು. ಆಪರೇಷನ್ನಿಗೆ ಮುಂಚೆಯೇ ರೆಟಿನಾ ನೋಡಿಸಿಕೊಳ್ಳಿ. ಶುಗರ್ ಏರಿಳಿಯುತ್ತಿರುವಾಗ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ, ನಂಬರ್ ನಿಲ್ಲುವುದಿಲ್ಲ.

6. ದೃಷ್ಟಿ ಕುಂದಿದವರಿಗೆ ಮನೆಯವರೇ ಕಣ್ಣಾಗಬೇಕು. ಬೆಳಗಿನ ಮಾತ್ರೆಯ ಪಟ್ಟಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು: ಕೈಗೆ ಗೊತ್ತಾಗುತ್ತದೆ. ಸಿರಿಂಜಿನ ಗೆರೆ ಕಾಣದವರು ಅಂದಾಜಿನಲ್ಲಿ ಇನ್ಸುಲಿನ್ ಎಳೆಯಲೇಬಾರದು; ಸೊಸೆಯೋ ಮೊಮ್ಮಗಳೋ ಗೆರೆ ನೋಡಿ ಹೇಳಲಿ. ಬೆವರಿ ಕೈ ನಡುಗಿದರೆ ಶುಗರ್ ತೀರ ಇಳಿದಿರಬಹುದು, ತಡಮಾಡದೆ ಸಕ್ಕರೆ ನೀರು ಕುಡಿಸಿ. ಸಂಜೆ ಗದ್ದೆಯಿಂದ ಬಂದವರ ಪಾದವನ್ನು ಬೆಳಕಿನಲ್ಲಿ ನೋಡಿ, ಬೆರಳ ಸಂದಿಯನ್ನೂ. ಮುಳ್ಳು ಚುಚ್ಚಿದ್ದು ಅವರಿಗೆ ಕಾಣಿಸಿರುವುದಿಲ್ಲ, ಎಷ್ಟೋ ಸಲ ನೋವೂ ತಿಳಿದಿರುವುದಿಲ್ಲ.

7. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದಂತಾದರೆ, ಕಣ್ಣಿಗೆ ಸೊಪ್ಪಿನ ರಸ ಹಾಕಬೇಡಿ, ನಾಳೆಗೆ ಮುಂದೂಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಶಂಕರ ಕಣ್ಣಿನ ಆಸ್ಪತ್ರೆಗೋ ಅಂದೇ ಹೊರಡಿ.

8. "ಇಂಜೆಕ್ಷನ್ ಹಾಕಿಸಿದ್ರೂ ಮೊದಲಿನ ಹಾಗೆ ಕಾಣ್ಲಿಲ್ಲ" ಎಂದು ಅರ್ಧಕ್ಕೆ ಬಿಟ್ಟವರನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ. ರೆಟಿನಾಕ್ಕೆ ಕೊಡುವ ಲೇಸರ್ ಚಿಕಿತ್ಸೆ ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಯಲು. ಕಣ್ಣಿನೊಳಗಿನ ಇಂಜೆಕ್ಷನ್ ಊತ ಇಳಿಸುತ್ತದೆ, ಆದರೆ ಒಂದರಿಂದ ಮುಗಿಯುವುದು ಅಪರೂಪ; ಮೊದಮೊದಲು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬೇಕಾಗುತ್ತದೆ. ಎಷ್ಟು ಸಲ, ಎಷ್ಟು ಖರ್ಚು, ಸರ್ಕಾರಿ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಮೊದಲನೆಯದು ಹಾಕಿಸುವ ಮುಂಚೆಯೇ ವೈದ್ಯರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.