ಜೀಪಿನ ಮುಳ್ಳು ಸುಳ್ಳು ಹೇಳುತ್ತಿದೆಯೇ? ಮೊದಲು ಅರ್ಥಿಂಗ್ ನೋಡಿ

ಮಲೆನಾಡು, ಕೊಡಗಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಡೀಸೆಲ್ ಜೀಪುಗಳಿಗೆ ಮಳೆಗಾಲ ಕಳೆದರೆ ಕಾಯಿಲೆ ಶುರು. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಜಿಗಿಯುತ್ತದೆ, ಡೀಸೆಲ್ ಮುಳ್ಳು ಅಲ್ಲಾಡುತ್ತದೆ, ಸ್ಟಾರ್ಟರ್ ‘ಟಕ್’ ಎಂದು ಸುಮ್ಮನಾಗುತ್ತದೆ. ಹೊಸ ಸೆನ್ಸರ್ ತರುವ ಮೊದಲು ಒಂದು ಮಲ್ಟಿಮೀಟರ್, ಸ್ಪ್ಯಾನರ್, ಉಪ್ಪುಕಾಗದ ಹಿಡಿದು ಈ ಕ್ರಮದಲ್ಲಿ ನೋಡಿ.

1. ಬ್ಯಾಟರಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅಳೆಯಿರಿ. 12.6 ವೋಲ್ಟ್ ಇದ್ದರೆ ಚಾರ್ಜ್ ಪೂರ್ತಿಯಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ಬರಬೇಕು. ಬಾರದಿದ್ದರೆ ಬೆಲ್ಟ್, ಆಲ್ಟರ್ನೇಟರ್ ಪರೀಕ್ಷಿಸಿ.

2. ಅರ್ಥಿಂಗ್: ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಹಾಗಾಗಿ ಅದನ್ನು ಚಾಸಿಗೆ ಜೋಡಿಸುವ ಪಟ್ಟಿಯೇ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.3 ವೋಲ್ಟ್ ಮೀರಿದರೆ ದಾರಿ ಕಟ್ಟಿದೆ ಎಂದರ್ಥ. ಮೊದಲು ಮೈನಸ್ ಕೇಬಲ್ ಬಿಚ್ಚಿ, ಬೋಲ್ಟಿನಡಿಯ ತುಕ್ಕು, ಬಣ್ಣ ಉಜ್ಜಿ ತೆಗೆದು ಬಿಗಿಮಾಡಿ. ಮೇಲೆ ಗ್ರೀಸ್ ಸವರಿ. ಮರಳಿ ಹಾಕುವಾಗ ಮೈನಸ್ ಕೊನೆಗೆ.

3. ಮೀಟರ್ ಫಲಕ: ಒಂದೇ ಮುಳ್ಳು ಕೆಟ್ಟರೆ ಅದರ ಸೆನ್ಸರ್ ಅಥವಾ ವೈರಿನ ಮೇಲೆ ಅನುಮಾನಪಡಿ. ಎಲ್ಲವೂ ಒಟ್ಟಿಗೆ ಕೆಟ್ಟರೆ ಸೆನ್ಸರುಗಳನ್ನು ಮುಟ್ಟಬೇಡಿ. ಫ್ಯೂಸ್ ಮತ್ತು ಫಲಕದ ಹಿಂದಿನ ಅರ್ಥಿಂಗ್ ವೈರ್ ನೋಡಿ. ಲೈಟ್ ಹಾಕಿದಾಗಷ್ಟೇ ಮುಳ್ಳು ಜಿಗಿದರೆ ಈ ವೈರೇ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಇಲಿ ಕಡಿದ, ಹಸಿರು ಕಿಲುಬು ಹಿಡಿದ ವೈರುಗಳನ್ನೂ ಹುಡುಕಿ.

4. ಟೆಂಪರೇಚರ್ ಸೆನ್ಸರ್: ಒಂದೇ ವೈರಿನ ಸೆನ್ಸರ್ ಆದರೆ ಕೀ ಆನ್ ಮಾಡಿ, ವೈರ್ ಕಳಚಿ. ಸಾಮಾನ್ಯವಾಗಿ ಮುಳ್ಳು ತಣ್ಣನೆಯ ಕಡೆಗೆ ಇಳಿಯುತ್ತದೆ. ಅದೇ ವೈರನ್ನು ಕ್ಷಣಮಾತ್ರ ಎಂಜಿನ್ ಲೋಹಕ್ಕೆ ತಾಗಿಸಿದರೆ ಬಿಸಿಯ ಕಡೆಗೆ ಏರುತ್ತದೆ. ಎರಡೂ ಆದರೆ ವೈರು, ಮೀಟರ್ ಸರಿಯಿವೆ. ಈಗ ಸೆನ್ಸರಿನ ತುದಿಗೂ ಎಂಜಿನ್ ಲೋಹಕ್ಕೂ ನಡುವಿನ ಓಮ್ ಅಳೆಯಿರಿ. ಎಂಜಿನ್ ಬಿಸಿಯಾದಂತೆ ಅದು ಒಂದೇ ಸಮನೆ ಇಳಿಯಬೇಕು. ಇಳಿಯದಿದ್ದರೆ ಮಾತ್ರ ಹೊಸದು ಹಾಕಿ. ಅದರ ಥ್ರೆಡ್‌ಗೆ ಬಿಳಿ ಟೇಪ್ ದಪ್ಪಗೆ ಸುತ್ತಬೇಡಿ; ಆ ಥ್ರೆಡ್ಡೇ ಸೆನ್ಸರಿನ ಅರ್ಥಿಂಗ್.

ಎಚ್ಚರ: ಮುಳ್ಳು ಕೆಂಪು ಮುಟ್ಟಿದರೆ ಅದು ನಿಜವೆಂದೇ ತಿಳಿದು ಗಾಡಿ ನಿಲ್ಲಿಸಿ. ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಟ್ಯಾಂಕಿನ ಬಳಿ ವೈರು ತಾಗಿಸಿ ಕಿಡಿ ಹಾರಿಸಬೇಡಿ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲೇ, ಅರ್ಥಿಂಗ್ ಬೋಲ್ಟುಗಳನ್ನು ಉಜ್ಜಿಡಿ. ಆಳು-ಕಾಳು ತುಂಬಿಕೊಂಡು ಘಟ್ಟ ಏರುವಾಗ ಎಂಜಿನ್ನಿನ ಬಿಸಿ ತಿಳಿಸಲು ಇರುವುದು ಟೆಂಪರೇಚರ್ ಮುಳ್ಳೊಂದೇ. ಅದು ನಿಜ ಹೇಳುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.