ಹಳೇ ಅಂಬಾಸಿಡರ್‌ಗೆ ಹೊಸ ಪೆಟ್ರೋಲ್

ಎಪ್ಪತ್ತರ ದಶಕದ ಪೆಟ್ರೋಲ್ ಅಂಬಾಸಿಡರ್‌ ಹತ್ತಿ ಶ್ರೀರಂಗಪಟ್ಟಣದಿಂದ ಕೆ.ಆರ್.ಎಸ್.ಗೆ ಹೊರಟಿರಾ? ಸ್ವಲ್ಪ ತಾಳಿ. 2000ದಿಂದ ದೇಶದ ಬಂಕುಗಳಲ್ಲಿ ಸಿಗುವುದು ಸೀಸರಹಿತ ಪೆಟ್ರೋಲ್ ಮಾತ್ರ.

ಹಿಂದೆ ಸೀಸವೇ ವಾಲ್ವ್ ಕೂರುವ ಜಾಗಕ್ಕೆ ತೆಳು ಲೇಪವಾಗಿ ಕಾಪಾಡುತ್ತಿತ್ತು. ಅದಿಲ್ಲದೆ ಕಾದ ಎಕ್ಸಾಸ್ಟ್ ವಾಲ್ವ್, ಎರಕದ ಕಬ್ಬಿಣದ ಸೀಟನ್ನು ಸವೆಸುತ್ತಾ ಒಳಗಿಳಿಯುತ್ತದೆ. ಟ್ಯಾಪೆಟ್ ಸದ್ದು ಅಡಗಿತೆಂದು ಸಮಾಧಾನ ಪಡಬೇಡಿ. ಸಂದು ಮುಚ್ಚಿಕೊಳ್ಳುತ್ತಿರುವ ಲಕ್ಷಣ ಅದಾಗಿರಬಹುದು. ಆಗಾಗ ಅಳತೆ ನೋಡಿಸಿ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಹಾಕಿಸಿಬಿಡಿ. ಅಲ್ಲಿಯವರೆಗೆ ಬೆಂಗಳೂರು ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿಯುವುದು ಬೇಡ.

ಮೈಸೂರಲ್ಲೇ ತಯಾರಾದ ಹಳೇ ಜಾವಾ, ಯೆಜ್ಡಿಗಳಿಗೆ ಈ ಕಾಟವಿಲ್ಲ. ಆ ಟೂ-ಸ್ಟ್ರೋಕ್ ಎಂಜಿನ್‌ಗೆ ಇಂಥ ವಾಲ್ವೇ ಇಲ್ಲ.

ಆದರೆ ಈಗಿನ ಪೆಟ್ರೋಲಿನಲ್ಲಿರುವ ಶೇ. 20ರವರೆಗಿನ ಎಥನಾಲ್ ಯಾರನ್ನೂ ಬಿಡದು. ಹಳೇ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ, ತೇವ ಹೀರುತ್ತದೆ. ಪೈಪ್ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿಡಿ.